ಕೂಡಿಸಿದ್ದನ್ನು ಕೆಡಿಸದೆ ಬಿಡಿಸುವುದು: ವಾಹನಗಳ ವೈರಿಂಗ್ ಕಪ್ಲರಿನ ಚರಿತ್ರೆ

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಕುಣಿಗಲ್ಲಿನಿಂದ ತುಮಕೂರಿಗೆ ಸ್ಕೂಟರಿನಲ್ಲಿ ಬರುತ್ತಿದ್ದೆ. ದಾರಿಯಲ್ಲಿ ಎಂಜಿನ್ ಮೂರು ಬಾರಿ ನಿಂತಿತು, ಮೂರು ಬಾರಿಯೂ ಸ್ವಲ್ಪ ಹೊತ್ತಿನ ಮೇಲೆ ತಾನೇ ಸರಿಹೋಯಿತು. ಮನೆಗೆ ಬಂದು ಸೀಟಿನ ಕೆಳಗಿನ ವೈರಿಂಗ್ ಪರೀಕ್ಷಿಸಿದೆ. ಒಂದು ಪ್ಲಾಸ್ಟಿಕ್ ಕಪ್ಲರಿನೊಳಗೆ ಒಂದು ಪಿನ್ನು ಹಸಿರುಗಟ್ಟಿತ್ತು. ಅದನ್ನು ಹೊರತೆಗೆದು ಉಜ್ಜಿದರೆ ಆಯಿತು ಎಂದುಕೊಂಡೆ. ಮೂರು ದಶಕ ಓಮ್‌ನ ನಿಯಮ ಕಲಿಸಿದವನಿಗೆ ಇದೇನು ಮಹಾ ಕೆಲಸ? ನೋಸ್ ಪ್ಲೈಯರಿನಲ್ಲಿ ತಂತಿ ಹಿಡಿದು ಎಳೆದೆ. ತಂತಿ ಬಂತು, ಪಿನ್ನು ಒಳಗೇ ಉಳಿಯಿತು. ಮುಂಭಾಗದಿಂದ ಸೂಜಿ ಹಾಕಿ ಮೀಟಿದೆ. ಪಕ್ಕದ ಪಿನ್ನಿನ ಬಾಯಿಯೂ ಅಗಲವಾಯಿತು.

ಮರುದಿನ ಒಂದು ಅಂಗಡಿಯಲ್ಲಿ ವೈರಿಂಗ್ ಕಿಟ್ಟನ್ನೇ ಪೂರ್ತಿ ಬದಲಿಸಬೇಕು ಎಂದರು. ಗುಬ್ಬಿ ಗೇಟಿನ ಬಳಿಯ ಇನ್ನೊಂದು ಅಂಗಡಿಯ ಹಿರಿಯ ಮೆಕ್ಯಾನಿಕ್ ಹಾಗೆನ್ನಲಿಲ್ಲ. ಕಪ್ಲರನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ತುದಿ ತಟ್ಟಿ ಚಪ್ಪಟೆ ಮಾಡಿದ ಒಂದು ಸೈಕಲ್ ಕಡ್ಡಿಯನ್ನು ಒಳಗೆ ಹಾಕಿ ಏನೋ ಮಾಡಿದರು. ಪಿನ್ನು ಅಂಗೈಗೆ ಬಿತ್ತು. "ಮೇಷ್ಟ್ರೆ, ಜಗ್ಗಬೇಡಿ. ಮೊದ್ಲು ಒಳಕ್ಕೆ ನೂಕಿ, ಆಮೇಲೆ ಲಾಕ್ ಬಿಡ್ಸಿ. ಅದೇ ಬತ್ತದೆ" ಎಂದರು.

ಹೊರಗೆ ಬರಬೇಕಾದದ್ದನ್ನು ಮೊದಲು ಒಳಕ್ಕೆ ನೂಕುವುದು ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯೊಂದು ತೆರೆದುಕೊಳ್ಳುತ್ತದೆ. ಆ ಚರಿತ್ರೆಯಲ್ಲಿ ತಂತಿಗಳನ್ನು ಕೂಡಿಸುವ ವಿದ್ಯೆ ಹೇಗೆ ಬೆಳೆಯಿತು ಎಂಬುದು ಒಂದು ಭಾಗ. ಕೂಡಿಸಿದ್ದನ್ನು ಬಿಡಿಸುವ ವಿದ್ಯೆ ನಮ್ಮವರೆಗೆ ಏಕೆ ಪೂರ್ತಿಯಾಗಿ ತಲುಪಲಿಲ್ಲ ಎಂಬುದು ಇನ್ನೊಂದು ಭಾಗ.

ತಿರುಪಿನ ಕಾಲ

ಮೊದಮೊದಲ ಮೋಟಾರು ವಾಹನಗಳಲ್ಲಿ ತಂತಿಗಳೇ ಕಡಿಮೆ. ಕಿಡಿ ಹಾರಿಸಲು ಬೇಕಾದ ನಾಲ್ಕಾರು ತಂತಿಗಳಿದ್ದರೆ ಸಾಕಿತ್ತು. ದೀಪಗಳು ಅಸಿಟಿಲೀನ್ ಅನಿಲದವು ಅಥವಾ ಎಣ್ಣೆಯವು. ಎಂಜಿನ್ ಚಾಲೂ ಮಾಡುವುದು ಕೈಯಿಂದ ಹ್ಯಾಂಡಲ್ ತಿರುಗಿಸಿ. 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಚಿತ್ರ ಬದಲಾಯಿತು. ಸ್ಟಾರ್ಟರ್, ದೀಪ, ಕಿಡಿ ಎಲ್ಲವೂ ಒಂದೇ ವಿದ್ಯುತ್ ವ್ಯವಸ್ಥೆಗೆ ಸೇರಿದವು. ಬ್ಯಾಟರಿಯಿಂದ ಹೊರಟ ತಂತಿಗಳು ವಾಹನದ ಮೂಲೆಮೂಲೆಗೂ ಹರಡಿದವು.

ಈ ತಂತಿಗಳನ್ನು ಪೂರೈಸಲು ಹೊಸ ಉದ್ಯಮವೇ ಬೆಳೆಯಿತು. ಅಮೆರಿಕದ ಒಹಾಯೊ ರಾಜ್ಯದ ವಾರೆನ್ ಎಂಬ ಊರಿನಲ್ಲಿ ಪ್ಯಾಕಾರ್ಡ್ ಸಹೋದರರು 1890ರಲ್ಲಿ ಸ್ಥಾಪಿಸಿದ ಪ್ಯಾಕಾರ್ಡ್ ಎಲೆಕ್ಟ್ರಿಕ್ ಇದಕ್ಕೆ ಒಳ್ಳೆಯ ಉದಾಹರಣೆ. ವಿದ್ಯುದ್ದೀಪ ಮತ್ತು ಟ್ರಾನ್ಸ್‌ಫಾರ್ಮರುಗಳಿಂದ ಆರಂಭಿಸಿದ ಆ ಸಂಸ್ಥೆ ಕ್ರಮೇಣ ವಾಹನಗಳ ಕೇಬಲ್ಲಿಗೆ ಹೆಸರಾಯಿತು. 1932ರಲ್ಲಿ ಜನರಲ್ ಮೋಟಾರ್ಸ್ ಅದನ್ನು ಕೊಂಡುಕೊಂಡಿತು. ಇದರ ಹೆಸರು ಮುಂದೆ ಇನ್ನೊಮ್ಮೆ ಬರಲಿದೆ.

ಆಗ ತಂತಿಯ ತುದಿಯನ್ನು ಸ್ವಿಚ್ಚಿಗೋ ದೀಪಕ್ಕೋ ಸೇರಿಸಲು ಎರಡೇ ಮಾರ್ಗಗಳು: ತಿರುಪು ಅಥವಾ ಬೆಸುಗೆ. ನಮ್ಮ ರಾಜ್ಯದಲ್ಲಿ ತಿರುಪಿನ ಕಾಲವನ್ನು ಕಣ್ಣಾರೆ ಕಂಡವರು ಇನ್ನೂ ಬಹಳ ಮಂದಿ ಇದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಹಳೆಯ ಜಾವಾ ಗಾಡಿಯ ಸ್ವಿಚ್ ಪೆಟ್ಟಿಗೆ ತೆರೆದರೆ ತಂತಿಗಳ ತುದಿಗಳು ಪುಟ್ಟ ತಿರುಪುಗಳ ಕೆಳಗೆ ಕಚ್ಚಿಕೊಂಡಿರುವುದು ಕಾಣುತ್ತಿತ್ತು. ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು, ಯಾವ ತಂತಿಯನ್ನಾದರೂ ಬಿಚ್ಚಬಹುದು, ಮತ್ತೆ ಕಟ್ಟಬಹುದು.

ತಿರುಪಿನ ಗುಣ ಗಮನಿಸಿ. ಬಿಡಿಸುವ ಬಗೆ ಅದರ ತಲೆಯ ಮೇಲೆಯೇ ಬರೆದಿರುತ್ತದೆ. ನೋಡಿದೊಡನೆ ಗೊತ್ತಾಗುತ್ತದೆ. ಆದರೆ ದೋಷವೂ ಉಂಟು. ಅಲುಗಾಟಕ್ಕೆ ತಿರುಪು ಸಡಿಲವಾಗುತ್ತದೆ, ಜೊತೆಗೆ ಕಾರ್ಖಾನೆಯಲ್ಲಿ ಒಂದೊಂದನ್ನೂ ತಿರುಗಿಸುತ್ತ ಕೂರಲು ಸಮಯವಿಲ್ಲ. ಇಂಗ್ಲಿಷ್ ಮಾದರಿಯ ವಾಹನಗಳಲ್ಲಿ, ನಮ್ಮ ಅಂಬಾಸಿಡರ್ ಕಾರಿನಲ್ಲೂ, ಬಳಕೆಯಲ್ಲಿದ್ದ ಗುಂಡಿನಾಕಾರದ ಹಿತ್ತಾಳೆ ತುದಿಗಳು ಮಧ್ಯದ ಒಂದು ಹಂತ. ತೋಳಿನೊಳಗೆ ಗುಂಡನ್ನು ಒತ್ತಿದರೆ ಕೂರುತ್ತದೆ, ಎಳೆದರೆ ಬರುತ್ತದೆ. ಅಲ್ಲಿ ಎಳೆಯುವುದೇ ಸರಿಯಾದ ಕ್ರಮ. ನಮ್ಮ ಕೈಗಳಿಗೆ ಅಂಟಿದ ಅಭ್ಯಾಸವೂ ಅದೇ.

ಬೆಸುಗೆ ಹೋಗಿ ಕ್ರಿಂಪ್ ಬಂದದ್ದು

ದೊಡ್ಡ ಬದಲಾವಣೆ ಬಂದದ್ದು ವಿಮಾನಗಳಿಂದ. ಬೆಸುಗೆ ಹಾಕಿದಾಗ ಕರಗಿದ ತವರ ಎಳೆಗಳ ಸಂದಿನಲ್ಲಿ ಮೇಲಕ್ಕೆ ಹೀರಿಕೊಂಡು ಹೋಗುತ್ತದೆ. ಅಲ್ಲಿಯವರೆಗೆ ತಂತಿ ಸೆಟೆದು ನಿಲ್ಲುತ್ತದೆ, ಅದರ ಮುಂದೆ ಮೆತ್ತಗಿರುತ್ತದೆ. ಸೆಟೆದ ಭಾಗ ಮುಗಿಯುವ ಜಾಗದಲ್ಲಿ, ಸತತ ಅಲುಗಾಟಕ್ಕೆ, ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಇದಲ್ಲದೆ ಬೆಸುಗೆಯ ಗುಣ ಹಾಕುವವನ ಕೈಯನ್ನು ಅವಲಂಬಿಸಿದೆ.

ಯು. ಎ. ವಿಟೇಕರ್ ಎಂಬ ಎಂಜಿನಿಯರ್ 1941ರಲ್ಲಿ ಅಮೆರಿಕದಲ್ಲಿ ಏರ್‌ಕ್ರಾಫ್ಟ್-ಮರೀನ್ ಪ್ರಾಡಕ್ಟ್ಸ್ ಎಂಬ ಸಂಸ್ಥೆ ಆರಂಭಿಸಿದರು. ಅದೇ ಮುಂದೆ ಆಂಪ್ ಎಂದು ಪ್ರಸಿದ್ಧವಾಯಿತು. 1999ರಲ್ಲಿ ಟೈಕೊ ಸಂಸ್ಥೆಗೆ ಸೇರಿ, 2011ರಲ್ಲಿ ಟಿಇ ಕನೆಕ್ಟಿವಿಟಿ ಎಂಬ ಹೆಸರು ಪಡೆಯಿತು. ಬೆಸುಗೆಯಿಲ್ಲದೆ, ಲೋಹದ ತೋಳನ್ನು ತಂತಿಯ ಎಳೆಗಳ ಸುತ್ತ ಬಲವಾಗಿ ಒತ್ತಿ ಕಚ್ಚಿಸುವುದು ಅವರ ವಿಧಾನ. ಇದೇ ಕ್ರಿಂಪಿಂಗ್. ಸರಿಯಾದ ಅಳತೆಯ ಅಚ್ಚಿನಲ್ಲಿ ಒತ್ತಿದರೆ ಎಳೆಗಳು ವಿರೂಪಗೊಂಡು ಒಂದಕ್ಕೊಂದು ಅಂಟಿ, ಗಾಳಿಯೂ ನುಸುಳದಷ್ಟು ಬಿಗಿಯಾಗುತ್ತವೆ. ಶಾಖ ಬೇಡ, ರಾಸಾಯನಿಕ ಬೇಡ. ಮೊದಲನೆಯ ಜೋಡಣೆಯೂ ಸಾವಿರದನೆಯ ಜೋಡಣೆಯೂ ಒಂದೇ ಗುಣದ್ದು. ಯುದ್ಧಕಾಲದಲ್ಲಿ ವಿಮಾನ ಮತ್ತು ಹಡಗುಗಳಿಗೆ ಬೇಕಾಗಿದ್ದುದೂ ಇದೇ.

ಅದೇ 1941ರಲ್ಲಿ ಬರ್ಲಿನ್ನಿನಲ್ಲಿ ರಾಗ್ನರ್ ಹೋಮ್ ಎಂಬ ಸ್ವೀಡನ್ನಿನ ಭೌತವಿಜ್ಞಾನಿ ವಿದ್ಯುತ್ ಸಂಪರ್ಕಗಳ ಭೌತವಿಜ್ಞಾನವನ್ನು ಕುರಿತ ಗ್ರಂಥ ಪ್ರಕಟಿಸಿದರು. ಎರಡು ಲೋಹದ ಮೇಲ್ಮೈಗಳು ತಾಗಿದಂತೆ ಕಂಡರೂ ನಿಜವಾಗಿ ತಾಗುವುದು ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ. ವಿದ್ಯುತ್ತು ಆ ಬಿಂದುಗಳ ಮೂಲಕ ಇರುಕಿಕೊಂಡು ಹರಿಯಬೇಕು. ಹೀಗೆ ಇರುಕಿಕೊಂಡದ್ದರಿಂದ ಹುಟ್ಟುವ ರೋಧವು ಲೋಹದ ರೋಧಶೀಲತೆಯನ್ನು ಸ್ಪರ್ಶಬಿಂದುವಿನ ವ್ಯಾಸದಿಂದ ಭಾಗಿಸಿದಷ್ಟು. ಬಿಂದುವಿನ ವ್ಯಾಸವೋ ಒತ್ತುವ ಬಲದ ವರ್ಗಮೂಲಕ್ಕೆ ಅನುಪಾತದಲ್ಲಿದೆ. ಈ ಎರಡು ಸಂಗತಿಗಳನ್ನು ನೆನಪಿಡೋಣ.

ಕಪ್ಲರ್ ಬಂತು, ಬೀಗವೂ ಬಂತು

ಕ್ರಿಂಪ್ ಮಾಡಿದ ಪಿನ್ನುಗಳನ್ನು ಒಂದೊಂದಾಗಿ ಸೇರಿಸುವ ಬದಲು ಹತ್ತು ಇಪ್ಪತ್ತನ್ನು ಒಂದೇ ಪ್ಲಾಸ್ಟಿಕ್ ಕವಚದ ಗೂಡುಗಳಲ್ಲಿ ಕೂರಿಸಿದರೆ ಒಂದೇ ಒತ್ತಿಗೆ ಎಲ್ಲ ಸಂಪರ್ಕವೂ ಆಗುತ್ತದೆ. ಇದೇ ಕನೆಕ್ಟರ್. ನಮ್ಮ ಮೆಕ್ಯಾನಿಕ್ಕರ ಬಾಯಲ್ಲಿ ಕಪ್ಲರ್. ಭಾರತದ ರಸ್ತೆಗಳಲ್ಲಿ ಇದು ಎಲ್ಲೆಡೆ ಕಂಡದ್ದು ಜಪಾನೀ ವಿನ್ಯಾಸದ ವಾಹನಗಳೊಂದಿಗೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 1984ರಲ್ಲಿ ಬೆಂಗಳೂರಿಗೆ ಹೊಂದಿಕೊಂಡ ಹೊಸೂರಿನಿಂದ ಇಂಡ್-ಸುಜುಕಿ, 1985ರಲ್ಲಿ ಹೀರೊ ಹೋಂಡಾ ಬಂದವು.

ಒಂದು ತೊಡಕು ಉಳಿದಿತ್ತು. ಎರಡು ಕಪ್ಲರುಗಳನ್ನು ಸೇರಿಸುವಾಗ ಎದುರಿನ ಪಿನ್ನು ಈ ಪಿನ್ನನ್ನು ಹಿಂದಕ್ಕೆ ತಳ್ಳುತ್ತದೆ. ಗೂಡಿನಿಂದ ಅದು ಜಾರಿಬಿಟ್ಟರೆ ಸಂಪರ್ಕವಿಲ್ಲ. ಆದ್ದರಿಂದ ಪಿನ್ನಿಗೆ ಬೀಗ ಬೇಕಾಯಿತು. ಪಿನ್ನಿನ ತಗಡಿನಲ್ಲೇ ಕತ್ತರಿಸಿ ಎಬ್ಬಿಸಿದ ಒಂದು ಪುಟ್ಟ ನಾಲಗೆ ಗೂಡಿನೊಳಗಿನ ಮೆಟ್ಟಿಲಿಗೆ ಆತುಕೊಳ್ಳುವುದು ಒಂದು ಬಗೆ. ಗೂಡಿನ ಪ್ಲಾಸ್ಟಿಕ್ ಬೆರಳೊಂದು ಪಿನ್ನಿನ ತೂತಿಗೋ ಅಂಚಿಗೋ ಇಳಿದು ಹಿಡಿದುಕೊಳ್ಳುವುದು ಇನ್ನೊಂದು ಬಗೆ. ಇವೆರಡರ ಮೇಲೆ, ಪಿನ್ನು ಪೂರ್ತಿ ಕೂರದಿದ್ದರೆ ಮುಚ್ಚಿಕೊಳ್ಳದಂಥ ಎರಡನೆಯ ಬೀಗವೂ ಬಂತು. ಸಾಮಾನ್ಯವಾಗಿ ಅದು ಬೇರೆ ಬಣ್ಣದ ಒಂದು ಪಟ್ಟಿ.

ಎಂಜಿನ್ನಿಗೆ ಕಂಪ್ಯೂಟರ್ ಬಂದಾಗ ಈ ಬೀಗಗಳ ಮಹತ್ವ ಹೆಚ್ಚಿತು. 1980ರ ಆಸುಪಾಸಿನಲ್ಲಿ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಬಳಕೆಗೆ ಬಂದ ವೆದರ್-ಪ್ಯಾಕ್ ಕನೆಕ್ಟರ್ ಹಿಂದೆ ಹೇಳಿದ ಪ್ಯಾಕಾರ್ಡ್ ಎಲೆಕ್ಟ್ರಿಕ್ ಸಂಸ್ಥೆಯದು. ನೀರು ಹೋಗದಂತೆ ರಬ್ಬರ್ ಸೀಲು, ಪಿನ್ನಿನ ಎರಡು ಪಕ್ಕಕ್ಕೂ ನಾಲಗೆ. ಎರಡೂ ನಾಲಗೆಗಳನ್ನು ಒಮ್ಮೆಗೇ ಒಳಕ್ಕೆ ಒತ್ತುವ ಕೊಳವೆಯಾಕಾರದ ಉಪಕರಣವೂ ಇತ್ತು. ಬೀಗದ ಜೊತೆಗೆ ಬೀಗದ ಕೈಯನ್ನೂ ವಿನ್ಯಾಸಕಾರರು ಯೋಚಿಸಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು.

ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂತು. ಕಾರ್ಬ್ಯುರೇಟರ್ ಹೋಗಿ ಇಂಧನ ಇಂಜೆಕ್ಷನ್, ಅದಕ್ಕೆ ಬೇಕಾದ ಸೆನ್ಸರುಗಳು, ಅವಕ್ಕೆ ಬೇಕಾದ ಕಪ್ಲರುಗಳು ಸಾಮಾನ್ಯ ಸ್ಕೂಟರಿಗೂ ಬಂದವು. ಗಾಡಿಯೊಂದಿಗೆ ಕಪ್ಲರ್ ಹಳ್ಳಿ ಹಳ್ಳಿಗೂ ಬಂತು. ಬೀಗದ ಕೈ ಮಾತ್ರ ಜೊತೆಗೆ ಬರಲಿಲ್ಲ.

ನಾಲಗೆಯ ಭೌತವಿಜ್ಞಾನ

ಈಗ ಆ ಹಿರಿಯರ ಮಾತಿಗೆ ಬರೋಣ. ಲೆಕ್ಕಕ್ಕಾಗಿ ಒಂದು ಹಿತ್ತಾಳೆ ನಾಲಗೆಯನ್ನು ಊಹಿಸಿಕೊಳ್ಳಿ. ಉದ್ದ 3 ಮಿ.ಮೀ., ಅಗಲ 0.6 ಮಿ.ಮೀ., ದಪ್ಪ 0.2 ಮಿ.ಮೀ. ಇದು ಒಂದು ತುದಿ ಬಿಗಿದ ಕ್ಯಾಂಟಿಲಿವರ್ ಪಟ್ಟಿ. ಹಿತ್ತಾಳೆಯ ಯಂಗ್ ಗುಣಾಂಕ ಸುಮಾರು 100 ಗಿಗಾಪ್ಯಾಸ್ಕಲ್. ಪದವಿ ತರಗತಿಯ ಸೂತ್ರ ಹಾಕಿದರೆ, ನಾಲಗೆಯ ತುದಿ 0.1 ಮಿ.ಮೀ. ಬಾಗಲು ಬೇಕಾದ ಬಲ 0.5 ನ್ಯೂಟನ್‌ಗಿಂತಲೂ ಕಡಿಮೆ. ಅಂದರೆ 50 ಗ್ರಾಂ ತೂಕದಷ್ಟು. ಪಿನ್ನನ್ನು ಗೂಡಿಗೆ ಸೇರಿಸುವಾಗ ಅದು ಟಕ್ಕೆಂದು ಸುಲಭವಾಗಿ ಕೂರುವುದು ಇದರಿಂದಲೇ.

ಅದೇ ನಾಲಗೆಯನ್ನು ಹಿಂದಕ್ಕೆ ಎಳೆದರೆ? ಆಗ ಅದು ಬಾಗುವ ಪಟ್ಟಿಯಾಗಿ ವರ್ತಿಸುವುದಿಲ್ಲ, ಮೆಟ್ಟಿಲಿಗೆ ಒರಗಿದ ಕಂಬವಾಗಿ ನಿಲ್ಲುತ್ತದೆ. ಅದರ ಅಡ್ಡಕೊಯ್ತ 0.12 ಚದರ ಮಿ.ಮೀ. ಪ್ರತಿ ಚದರ ಮಿ.ಮೀ.ಗೆ ಸುಮಾರು 400 ನ್ಯೂಟನ್ ತಾಳುವ ಹಿತ್ತಾಳೆಯಾದರೆ, ಅದು ಕುಸಿಯಲು 48 ನ್ಯೂಟನ್ ಬೇಕು. ಸುಮಾರು 5 ಕಿಲೋಗ್ರಾಂ ತೂಕದಷ್ಟು. ಬಾಗಿಸಲು ಬೇಕಾದುದಕ್ಕಿಂತ ನೂರು ಪಟ್ಟು! ಅಷ್ಟು ಬಲ ಹಾಕುವ ಹೊತ್ತಿಗೆ ತೆಳು ತಂತಿ ಕ್ರಿಂಪಿನಿಂದ ಕಿತ್ತುಬರುತ್ತದೆ, ಇಲ್ಲವೇ ಪ್ಲಾಸ್ಟಿಕ್ ಮೆಟ್ಟಿಲು ತರಿದುಹೋಗುತ್ತದೆ. ನನ್ನ ನೋಸ್ ಪ್ಲೈಯರ್ ಮಾಡಿದ್ದು ಇದನ್ನೇ.

ಒಳಕ್ಕೆ ನೂಕುವುದರ ಅರ್ಥವೂ ಈಗ ಸ್ಪಷ್ಟ. ತಂತಿಯನ್ನು ಸ್ವಲ್ಪ ಎಳೆದಂತಿದ್ದರೂ ನಾಲಗೆಯ ತುದಿ ಮೆಟ್ಟಿಲಿಗೆ ಒತ್ತಿಕೊಂಡಿರುತ್ತದೆ. ಆ ಒತ್ತಡದಿಂದ ಘರ್ಷಣೆ ಹುಟ್ಟಿ ನಾಲಗೆ ಕೆಳಗೆ ಜಾರದಂತೆ ತಡೆಯುತ್ತದೆ. ಪಿನ್ನನ್ನು ಕೂದಲೆಳೆಯಷ್ಟು ಮುಂದಕ್ಕೆ ನೂಕಿದರೆ ಒತ್ತಡ ಇಲ್ಲವಾಗುತ್ತದೆ. ಆಗ ನಾಲಗೆ ಬರಿಯ ಕ್ಯಾಂಟಿಲಿವರ್. ಬಾಗಿಲಿನ ಅಗುಳಿ ಬಿಗಿಯಾಗಿದ್ದಾಗ ನಮ್ಮ ಮನೆಗಳಲ್ಲಿ ಕದವನ್ನು ಒಮ್ಮೆ ಒಳಕ್ಕೆ ಒತ್ತಿ ಅಗುಳಿ ಸರಿಸುವುದಿಲ್ಲವೇ, ಹಾಗೆ.

ಇನ್ನೊಂದು ಸೂಕ್ಷ್ಮವಿದೆ. 0.1 ಮಿ.ಮೀ. ಬಾಗಿದಾಗ ನಾಲಗೆಯ ಬುಡದಲ್ಲಿ ಮೇಲ್ಮೈ ಹಿಗ್ಗುವುದು ಶೇಕಡಾ 0.33. ಇದು ಹಿತ್ತಾಳೆಯ ಸ್ಥಿತಿಸ್ಥಾಪಕ ಮಿತಿಯೊಳಗೇ ಇದೆ. ಉಪಕರಣದಿಂದ ಜೋರಾಗಿ ಒತ್ತಿ 0.3 ಮಿ.ಮೀ. ಬಾಗಿಸಿದರೆ ಹಿಗ್ಗುವಿಕೆ ಶೇಕಡಾ 1ಕ್ಕೆ ಏರಿ ಮಿತಿ ದಾಟುತ್ತದೆ. ನಾಲಗೆ ಬಾಗಿದಂತೆಯೇ ಉಳಿಯುತ್ತದೆ. ಹೊರತೆಗೆದ ಪಿನ್ನನ್ನು ಹಾಗೆಯೇ ವಾಪಸು ಹಾಕಿದರೆ ಬೀಗ ಬೀಳುವುದಿಲ್ಲ. ಕಪ್ಲರ್ ಸೇರಿಸಿದಾಗ ಪಿನ್ನು ಹಿಂದೆ ಜಾರಿ, ಹೊಸ ದೋಷವೊಂದು ಹುಟ್ಟುತ್ತದೆ. ಆದ್ದರಿಂದಲೇ ಆ ಹಿರಿಯರು ಗಡಿಯಾರ ರಿಪೇರಿಯ ಪುಟ್ಟ ಸ್ಕ್ರೂಡ್ರೈವರಿನಿಂದ ನಾಲಗೆಯನ್ನು ಮೆಲ್ಲಗೆ ಎಬ್ಬಿಸಿ ನಂತರ ಪಿನ್ನು ಕೂರಿಸಿದರು. ತುಮಕೂರು ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಊರಾಗಿತ್ತಲ್ಲವೇ! ಕಾರ್ಖಾನೆ 2016ರಲ್ಲಿ ಮುಚ್ಚಿತು, ಗಡಿಯಾರದ ಉಪಕರಣಗಳು ಊರಿನಲ್ಲಿ ಉಳಿದಿವೆ.

ಬಿಡಿಸುವ ಕ್ರಮ

ಅನುಭವಿಗಳಿಂದ ಕಲಿತ ಕ್ರಮ ಹೀಗಿದೆ. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಬೇಕು. ಯಾವ ಬಣ್ಣದ ತಂತಿ ಯಾವ ಗೂಡಿನಲ್ಲಿದೆ ಎಂದು ಬರೆದುಕೊಳ್ಳಬೇಕು ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಎರಡನೆಯ ಬೀಗವಿದ್ದರೆ ಅದನ್ನು ಸರಿಸಬೇಕು. ಬೆಳಕಿಗೆ ಹಿಡಿದು, ನಾಲಗೆ ಪಿನ್ನಿನದೋ ಅಥವಾ ಬೆರಳು ಕವಚದ್ದೋ ಎಂದು ನೋಡಬೇಕು. ಪಿನ್ನಿನ ನಾಲಗೆಯಾದರೆ ಅದನ್ನು ಪಿನ್ನಿನ ಕಡೆಗೆ ಒತ್ತಬೇಕು, ಪ್ಲಾಸ್ಟಿಕ್ ಬೆರಳಾದರೆ ಪಿನ್ನಿನಿಂದ ಆಚೆಗೆ ಎತ್ತಬೇಕು. ಎರಡೂ ವಿರುದ್ಧ ದಿಕ್ಕು! ಪ್ಲಾಸ್ಟಿಕ್ ಬೆರಳು ಮುರಿದರೆ ಕಪ್ಲರೇ ಹೋಯಿತು. ತಂತಿಯನ್ನು ಒಳಕ್ಕೆ ನೂಕಿ, ಬೀಗ ಬಿಡಿಸಿ, ಆಮೇಲೆ ಮೆಲ್ಲಗೆ ಎಳೆಯಬೇಕು. ಬಾರದಿದ್ದರೆ ಬಲ ಹೆಚ್ಚಿಸಬಾರದು, ಮತ್ತೆ ನೋಡಬೇಕು. ಕೆಲವು ಕನೆಕ್ಟರುಗಳಲ್ಲಿ ಪಿನ್ನು ಬರುವುದು ಮುಂಭಾಗದಿಂದ. ಅಲ್ಲಿ ಹಿಂದಿನಿಂದ ಎಷ್ಟು ಎಳೆದರೂ ಅದು ಬಿಗಿಯಾಗುವುದೇ ಹೊರತು ಬರುವುದಿಲ್ಲ.

ಹೆಣ್ಣು ಪಿನ್ನಿನ ಬಾಯೊಳಗೆ ದಪ್ಪ ಸೂಜಿಯನ್ನಾಗಲೀ ಟೆಸ್ಟರಿನ ಮೊನೆಯನ್ನಾಗಲೀ ತುರುಕಬಾರದು. ಏಕೆ? ಹೋಮ್ ಅವರ ಲೆಕ್ಕ ನೆನಪಿಸಿಕೊಳ್ಳಿ. 4 ನ್ಯೂಟನ್ ಒತ್ತಡದಲ್ಲಿ ಹಿತ್ತಾಳೆ ಸಂಪರ್ಕದ ರೋಧ ಸುಮಾರು 1 ಮಿಲಿಓಮ್. ಬಾಯಿ ಅಗಲವಾಗಿ ಒತ್ತಡ 1 ನ್ಯೂಟನ್ನಿಗೆ ಇಳಿದರೆ ರೋಧ ಎರಡು ಪಟ್ಟು. ಇಷ್ಟರಿಂದಲೇ ಕೇಡಿಲ್ಲ. ಆದರೆ ಸಡಿಲವಾದ ಪಿನ್ನು ಎಂಜಿನ್ನಿನ ಅಲುಗಾಟಕ್ಕೆ ಕೆಲವು ಮೈಕ್ರೋಮೀಟರಿನಷ್ಟು ಹಿಂದೆ ಮುಂದೆ ಉಜ್ಜಿಕೊಳ್ಳುತ್ತದೆ. ಪ್ರತಿ ಉಜ್ಜಿಗೂ ತವರದ ಲೇಪನ ಸವೆದು, ಆಕ್ಸೈಡ್ ಪುಡಿಯಾಗಿ ಸಂದಿನಲ್ಲಿ ಸೇರುತ್ತದೆ. ರೋಧ 0.1 ಓಮ್ ತಲುಪಿತೆನ್ನಿ. 10 ಆಂಪಿಯರ್ ಹರಿಯುವ ಮಂಡಲದಲ್ಲಿ 1 ವೋಲ್ಟ್ ನಷ್ಟ, ಅಕ್ಕಿಕಾಳಿನಷ್ಟು ಜಾಗದಲ್ಲಿ 10 ವಾಟ್ ಶಾಖ. ಪ್ಲಾಸ್ಟಿಕ್ ಕರಗಲು ಇದು ಸಾಕು. ಸೆನ್ಸರಿನ ತಂತಿಯಲ್ಲಿ ಶಾಖವಾಗದು, ಆದರೆ ಸಂಕೇತ ಕ್ಷಣಕಾಲ ತಪ್ಪುತ್ತದೆ, ಎಂಜಿನ್ ನಿಲ್ಲುತ್ತದೆ. ನಡುರಸ್ತೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಹಾಗಾದರೆ ಗತಿಯೇನು ಎಂಬುದನ್ನು ವಿವರಿಸಬೇಕಾಗಿಲ್ಲ.

ಗುಬ್ಬಿಯ ಕಾರ್ಖಾನೆ, ಗುಬ್ಬಿ ಗೇಟಿನ ಅಂಗಡಿ

ಕ್ರಿಂಪ್ ವಿಮಾನದಿಂದ ಕಾರಿಗೆ ಬಂತು ಎಂದೆವಷ್ಟೆ. ವಿಟೇಕರ್ ತಮ್ಮ ಸಂಸ್ಥೆ ಕಟ್ಟುವ ಹಿಂದಿನ ವರ್ಷ, 1940ರ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭವಾಗಿತ್ತು. ಇಂದಿನ ಎಚ್‌ಎಎಲ್‌ನ ಮೂಲ ಅದು. ಅದೇ ಎಚ್‌ಎಎಲ್ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಸ್ಥಾಪಿಸಿದೆ. 2016ರ ಜನವರಿ 3ರಂದು ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ ನಡೆಯಿತು.

ವಿಮಾನ ಉದ್ಯಮದಲ್ಲಿ ಪಿನ್ನು ಬಿಡಿಸುವುದು ಕೂಡಿಸುವಷ್ಟೇ ಗಂಭೀರವಾದ ಕೆಲಸ. ಪಿನ್ನಿನ ಪ್ರತಿ ಅಳತೆಗೂ ಬಣ್ಣದ ಗುರುತಿನ ಪ್ಲಾಸ್ಟಿಕ್ ಉಪಕರಣವಿದೆ. ಅಮೆರಿಕದ ಸೇನಾ ಮಾನದಂಡದ ಉಪಕರಣದಲ್ಲಿ ಬಣ್ಣದ ತುದಿ ಸೇರಿಸಲು, ಬಿಳಿಯ ತುದಿ ಬಿಡಿಸಲು. ತಂತಿಯ ಸುತ್ತ ಅದನ್ನು ಹಿಂದಿನಿಂದ ಜಾರಿಸಿದರೆ ಗೂಡಿನೊಳಗಿನ ಹಿಡಿಕೆಗಳು ಅರಳಿ ಪಿನ್ನು ಬಿಟ್ಟುಕೊಡುತ್ತದೆ. ಲೋಹಕ್ಕೆ ಗೀರು ಬೀಳದಿರಲೆಂದೇ ಉಪಕರಣ ಪ್ಲಾಸ್ಟಿಕ್ಕಿನದು. ಯಾವುದಕ್ಕೆ ಯಾವ ಉಪಕರಣ ಎಂಬುದು ಕೈಪಿಡಿಯಲ್ಲಿರುತ್ತದೆ. ಊಹೆಗೆ ಅಲ್ಲಿ ಜಾಗವಿಲ್ಲ.

ಗುಬ್ಬಿ ಗೇಟಿನ ಅಂಗಡಿಯಲ್ಲಿ ಕೈಪಿಡಿ ಇಲ್ಲ. ಚಪ್ಪಟೆ ಮಾಡಿದ ಸೈಕಲ್ ಕಡ್ಡಿ ಇದೆ. ಆ ಹಿರಿಯರು ಎಷ್ಟೋ ಕಪ್ಲರುಗಳನ್ನು ಕೆಡಿಸಿ ಕಲಿತದ್ದಾಗಿ ತಾವೇ ಹೇಳಿದರು. ಕೆಟ್ಟ ಪ್ರತಿ ಕಪ್ಲರಿಗೂ ಯಾರೋ ಗಿರಾಕಿ ಅಥವಾ ಅವರೇ ಬೆಲೆ ತೆತ್ತಿದ್ದಾರೆ. ಅವರ ಕೈಕೆಳಗಿನ ಹುಡುಗನೂ ಹಾಗೆಯೇ ಕಲಿಯಬೇಕೇ? ಅರ್ಧ ನ್ಯೂಟನ್ ಬಲದಲ್ಲಿ ಆಗುವ ಕೆಲಸಕ್ಕೆ ದಾರಿ ಕಾಣದೆ ಇಡೀ ವೈರಿಂಗ್ ಕಿಟ್ಟನ್ನು ಕಸಕ್ಕೆ ಹಾಕಬೇಕೇ? ಅಷ್ಟು ತಾಮ್ರ, ಅಷ್ಟು ಪ್ಲಾಸ್ಟಿಕ್, ದುಡಿಯುವವನ ಅಷ್ಟು ಹಣ!

ಇದರಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಇದೆ. ನಾವು ಕಪ್ಪುಹಲಗೆಯ ಮೇಲೆ ಬರೆಯುವ ಮಂಡಲಗಳಲ್ಲಿ ತಂತಿ ತಂತಿಗೆ ಸೇರುವ ಜಾಗ ಬರಿಯ ಒಂದು ಚುಕ್ಕೆ. ಅದಕ್ಕೆ ರೋಧವಿಲ್ಲ, ಒತ್ತಡವಿಲ್ಲ, ಬೀಗವಿಲ್ಲ. ವಾಹನದಲ್ಲಿ ದೋಷ ಹುಟ್ಟುವುದು ಬಹುಪಾಲು ಆ ಚುಕ್ಕೆಯಲ್ಲೇ.

ಒಂದು ಸರಳ ಪ್ರಯೋಗವನ್ನು ಸೂಚಿಸುತ್ತೇನೆ. ಗುಜರಿಯಿಂದ ಒಂದು ಹಳೆಯ ಕಪ್ಲರ್ ಜೋಡಿ ತನ್ನಿ. ಅದರ ಒಂದು ಪಿನ್ನಿನ ಮೂಲಕ 1 ಆಂಪಿಯರ್ ಹರಿಸಿ. ಪಿನ್ನಿನ ಎರಡು ಬದಿಗೆ ಪ್ರತ್ಯೇಕ ತಂತಿಗಳಿಂದ ಮಲ್ಟಿಮೀಟರನ್ನು ಮಿಲಿವೋಲ್ಟ್ ಶ್ರೇಣಿಯಲ್ಲಿ ಜೋಡಿಸಿ. ಎಷ್ಟು ಮಿಲಿವೋಲ್ಟ್ ಬಂತೋ ಅಷ್ಟೇ ಮಿಲಿಓಮ್ ರೋಧ. ಈಗ ಹೆಣ್ಣು ಪಿನ್ನಿನ ಬಾಯಿಯನ್ನು ಸೂಜಿಯಿಂದ ಅಗಲಿಸಿ, ತಂತಿಯನ್ನು ಅಲುಗಾಡಿಸುತ್ತ ಮತ್ತೆ ಅಳೆಯಿರಿ. ಮೀಟರಿನ ಅಂಕೆಗಳು ಕುಣಿಯುವುದನ್ನು ವಿದ್ಯಾರ್ಥಿಗಳು ನೋಡಲಿ. ಕೊನೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ಪಿನ್ನನ್ನು ಕೆಡಿಸದೆ ಹೊರತೆಗೆದು, ನಾಲಗೆ ಎಬ್ಬಿಸಿ, ಮತ್ತೆ ಕೂರಿಸಲಿ.

ನನ್ನ ಸ್ಕೂಟರಿಗೆ ಆ ಹಿರಿಯರು ಹಾಕಿದ ಪಿನ್ನು ಒಂದು ಹಳೆಯ ಕಪ್ಲರಿನಿಂದ ಬಿಡಿಸಿಕೊಂಡದ್ದು. ಕುಣಿಗಲ್ ರಸ್ತೆಯಲ್ಲಿ ಗಾಡಿ ಆಮೇಲೆ ನಿಂತಿಲ್ಲ. ತಟ್ಟಿ ಚಪ್ಪಟೆ ಮಾಡಿದ ಒಂದು ಸೈಕಲ್ ಕಡ್ಡಿ ಈಗ ನಮ್ಮ ಪ್ರಯೋಗಾಲಯದಲ್ಲೂ ಇದೆ.